‘ಶೋಲೆ’ ಹೆಸರು ಮುಟ್ಟಿದರೆ ಕೈ ಸುಡುತ್ತೆ!

ರಾಮನಗರದ ಬಂಡೆಗಳ ನಡುವೆ ಹುಟ್ಟಿದ ‘ಶೋಲೆ’ 1975ರಲ್ಲಿ ಗಳಿಸಿದ ಹೆಸರನ್ನ ಬೇರೆಯವರು ಸುಮ್ಮನೆ ಬಿಟ್ಟಾರೆಯೇ?

1991ರಲ್ಲಿ ‘ರಾಮ್‌ಗಢ್ ಕೆ ಶೋಲೆ’ ಬಂತು. ಅಮಿತಾಭ್, ದೇವ್ ಆನಂದ್, ಅನಿಲ್ ಕಪೂರ್, ಗೋವಿಂದ... ಎಲ್ಲರೂ ನಕಲಿ ಸ್ವಾಮಿ! ಅಸಲಿ ಅಂದರೆ ಗಬ್ಬರ್ ಆಗಿದ್ದ ಅಮ್ಜದ್ ಖಾನ್. ಪೋಸ್ಟರ್ ನಂಬಿ ಟಿಕೆಟ್ ಕೊಂಡವನ ಪಾಡು ಕೇಳಬೇಡಿ.

ಆಮೇಲೆ ರಾಮ್‌ಗೋಪಾಲ್ ವರ್ಮಾ ಸರದಿ. ‘ರಾಮ್‌ಗೋಪಾಲ್ ವರ್ಮಾ ಕೆ ಶೋಲೆ’ ಅಂತ ಹೊರಟವರನ್ನ ಸಿಪ್ಪಿ ಕುಟುಂಬದ ಸಂಸ್ಥೆ ದೆಹಲಿ ಹೈಕೋರ್ಟಿಗೆ ಎಳೆಯಿತು. ಶೀರ್ಷಿಕೆ ‘ಆಗ್’ ಆಯ್ತು, ಗಬ್ಬರ್ ಹೋಗಿ ಬಬ್ಬನ್ ಬಂದ. 2007ರಲ್ಲಿ ತೆರೆಕಂಡ ಚಿತ್ರ ನೆಲಕಚ್ಚಿತು. ದಾವೆ ಮಾತ್ರ ಬದುಕಿತ್ತು! 2015ರಲ್ಲಿ ತೀರ್ಪು: ಕೃತಿಸ್ವಾಮ್ಯ, ಟ್ರೇಡ್‌ಮಾರ್ಕ್ ಎರಡನ್ನೂ ಉಲ್ಲಂಘಿಸಿದ್ದಕ್ಕೆ 10 ಲಕ್ಷ ರೂಪಾಯಿ ತೆರಬೇಕು.

ಶೋಲೆ ಅಂದರೆ ಬೆಂಕಿಯ ಜ್ವಾಲೆ. ನಿಘಂಟಿನ ಮಾತಿಗೆ ಒಬ್ಬ ಯಜಮಾನನೇ? ಹಾಗೆಂದು ವಾದಿಸಿದವರೂ ಇದ್ದರು, ‘ಶೋಲೆ’ ಹೆಸರಿನ ವೆಬ್‌ಸೈಟ್ ಇಟ್ಟುಕೊಂಡವರು. ಜನ ಕೇಳಿದೊಡನೆ ಒಂದೇ ಚಿತ್ರ ನೆನೆಯುವಾಗ ಅದು ಬರೀ ಪದವಲ್ಲ ಅಂತು ಅದೇ ಹೈಕೋರ್ಟು, 2022ರಲ್ಲಿ. ಅವರ ಪಾಲಿಗೆ ಬಿದ್ದದ್ದು 25 ಲಕ್ಷ!