ಮಕ್ಕಳ ಪುಸ್ತಕ ಕಟ್ಟುವವರ ಬಳಗ

ನಾಲ್ಕು ವರ್ಷದ ಕೂಸು ಅಜ್ಜಿಯ ತೊಡೆಯ ಮೇಲೆ ಕುಳಿತು ಚಿತ್ರದ ಪುಸ್ತಕವನ್ನು ಮಗುಚುತ್ತಿರುವಾಗ, ಇದನ್ನು ಬರೆದವರು ಯಾರು, ಚಿತ್ರ ತೆಗೆದವರು ಯಾರು ಎಂದು ಕೇಳುವವರು ವಿರಳ. ಕೂಸಿಗೆ ಅದರ ಗೊಡವೆಯಿಲ್ಲ. ಅದಕ್ಕೆ ಆನೆ ಬೇಕು, ಆನೆಯ ಬೆನ್ನ ಮೇಲೆ ಕುಳಿತ ಇಲಿ ಬೇಕು, ಅದೇ ಕಥೆಯನ್ನು ಹತ್ತನೆಯ ಸಲವೂ ಓದಿ ಹೇಳುವ ತಾಳ್ಮೆಯ ಹಿರಿಯರು ಬೇಕು. ಆದರೆ ಮಗುವಿನ ಕೈಗೆ ಒಳ್ಳೆಯ ಪುಸ್ತಕ ಬರಬೇಕೆಂದು ಬಯಸುವ ತಾಯಿತಂದೆಯರು ಆ ಪುಸ್ತಕವನ್ನು ಕಟ್ಟುವವರ ಯೋಗಕ್ಷೇಮವನ್ನೂ ಒಂದಿಷ್ಟು ಅರಿತಿರುವುದು ಉಚಿತವೆಂದು ತೋರುತ್ತದೆ. ಅಂತಹವರು ತಮ್ಮ ಪ್ರಾಂತದಲ್ಲಿ ತಾವೇ ಕೂಡಿಕೊಂಡು, ಸಂಬಳದ ಆಸೆಯಿಲ್ಲದೆ ನಡೆಸುತ್ತ ಬಂದ ಬಳಗವೊಂದರ ವಿಚಾರವನ್ನು ಇಲ್ಲಿ ವಾಚಕರ ಮುಂದಿಡಲಾಗಿದೆ.

ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ 1971ರಲ್ಲಿ ಸ್ಟೀಫನ್ ಮೂಸರ್ ಮತ್ತು ಲಿನ್ ಆಲಿವರ್ ಎಂಬ ಇಬ್ಬರು ತರುಣ ಲೇಖಕರಿಗೆ ಒಂದು ಕೊರತೆ ಕಾಡಿತು. ಮಕ್ಕಳಿಗಾಗಿ ಬರೆಯುವ ಕೆಲಸವನ್ನು ಅವರು ಕೈಗೆತ್ತಿಕೊಂಡಿದ್ದರು. ಆದರೆ ಅದರ ಮರ್ಮವನ್ನು ಕೇಳಿ ತಿಳಿಯೋಣವೆಂದರೆ ಆ ಬಗೆಯ ಬರಹಗಾರರು ಒಂದೆಡೆ ಸೇರುವ ಸ್ಥಾನವೇ ಇರಲಿಲ್ಲ. ಕವಿಗಳಿಗೆ ಗೋಷ್ಠಿಗಳಿದ್ದವು, ಕಾದಂಬರಿಕಾರರಿಗೆ ಸಂಘಗಳಿದ್ದವು. ಮಕ್ಕಳಿಗೆ ಬರೆಯುವವನು ಮಾತ್ರ ಪಂಕ್ತಿಯಿಂದ ಹೊರಗೆ ಕುಳಿತವನಂತಿದ್ದನು. ಆಗ ಇವರಿಬ್ಬರೂ ಕೂಡಿ ಸಂಘವೊಂದನ್ನು ಸ್ಥಾಪಿಸಿದರು. ಮೊದಲು ಅದು ಬರಹಗಾರರ ಸಂಘವಷ್ಟೇ ಆಗಿತ್ತು. ಚಿತ್ರಕಾರರ ಹೆಸರು ಸೇರಿದ್ದು ಎಷ್ಟೋ ವರ್ಷಗಳ ತರುವಾಯ. ಈಗ ಅದು ‘ಮಕ್ಕಳ ಪುಸ್ತಕ ಲೇಖಕರ ಹಾಗೂ ಚಿತ್ರಕಾರರ ಸಂಘ’. ಸಾವಿರಾರು ಸದಸ್ಯರಿದ್ದಾರೆ. ಅಮೆರಿಕದಲ್ಲಿಯೂ ಹೊರದೇಶಗಳಲ್ಲಿಯೂ ಪ್ರಾಂತೀಯ ಶಾಖೆಗಳು ಹರಡಿಕೊಂಡಿವೆ. ಬ್ರಿಟನ್, ಜಪಾನ್, ಭಾರತಗಳಲ್ಲೂ ಅದರ ಕೊಂಬೆಗಳು ಚಾಚಿವೆ. 1973ರಿಂದ ಅದು ‘ಗೋಲ್ಡನ್ ಕೈಟ್’, ಅಂದರೆ ಬಂಗಾರದ ಗಾಳಿಪಟ ಎಂಬ ಪ್ರಶಸ್ತಿಯನ್ನು ಕೊಡುತ್ತ ಬಂದಿದೆ. ಇದರ ವೈಶಿಷ್ಟ್ಯವೆಂದರೆ, ಇದನ್ನು ನಿರ್ಣಯಿಸುವವರು ಪಂಡಿತರೂ ಅಲ್ಲ, ಗ್ರಂಥಪಾಲಕರೂ ಅಲ್ಲ. ಅದೇ ಕಸಬಿನ ಸಹೋದ್ಯೋಗಿಗಳು.

ಸಂಘದ ಕೇಂದ್ರವನ್ನು ಕುರಿತು ಇಷ್ಟು ಸಾಕು. ಅದರ ಜೀವವಿರುವುದು ಪ್ರಾಂತಗಳಲ್ಲಿ. ಪ್ರತಿ ಪ್ರಾಂತಕ್ಕೂ ಒಬ್ಬ ಪ್ರಾಂತೀಯ ಸಲಹೆಗಾರರಿರುತ್ತಾರೆ, ಅವರಿಗೆ ಸಹಾಯಕರಿರುತ್ತಾರೆ, ಚಿತ್ರಕಾರರ ಅಹವಾಲನ್ನು ನೋಡಿಕೊಳ್ಳಲು ಪ್ರತ್ಯೇಕ ಸಂಚಾಲಕರಿರುತ್ತಾರೆ. ಯಾರಿಗೂ ವೇತನವಿಲ್ಲ. ಹಗಲು ಶಾಲೆಯಲ್ಲೋ ಕಚೇರಿಯಲ್ಲೋ ದುಡಿದು, ಸಂಜೆ ಮನೆಯ ಅಡುಗೆ ಮುಗಿಸಿ, ಮಕ್ಕಳನ್ನು ಮಲಗಿಸಿದ ಮೇಲೆ ಉಳಿದ ತಾಸೆರಡು ತಾಸು ಈ ಕೆಲಸಕ್ಕೆ. ತಾನು ಬರೆಯಬೇಕೆಂದಿದ್ದ ಕಥೆ ಮೇಜಿನ ಮೇಲೆ ಅರ್ಧಕ್ಕೆ ನಿಂತಿರುತ್ತದೆ. ಪರರ ಕಥೆಗೆ ದಾರಿ ಮಾಡಿಕೊಡುವ ಪತ್ರವ್ಯವಹಾರ ಮುಂದೆ ಸಾಗಿರುತ್ತದೆ.

ಆ ಕೆಲಸವಾದರೂ ಎಂತಹದು? ಗ್ರಂಥಾಲಯದ ಕೋಣೆಯೊಂದನ್ನು ಬಾಡಿಗೆಯಿಲ್ಲದೆಯೋ ಅಲ್ಪ ಬಾಡಿಗೆಗೋ ಗೊತ್ತುಮಾಡಬೇಕು. ದೂರದ ನಗರದ ಪ್ರಕಾಶನ ಸಂಸ್ಥೆಯ ಸಂಪಾದಕರೊಬ್ಬರನ್ನು ಆರು ತಿಂಗಳು ಮೊದಲೇ ಕೇಳಿ ಒಪ್ಪಿಸಬೇಕು. ಬಂದವರನ್ನು ನಿಲ್ದಾಣದಿಂದ ಕರೆತರಬೇಕು. ಶುಲ್ಕದ ಲೆಕ್ಕ ಬರೆಯಬೇಕು, ಚಹಾದ ವ್ಯವಸ್ಥೆ ನೋಡಬೇಕು. ಇವೆಲ್ಲ ಮದುವೆಮನೆಯ ಓಡಾಟದಂತಹ ಕೆಲಸಗಳು, ಯಾರಾದರೂ ಮಾಡಿಯಾರು. ಕಠಿನವಾದುದು ಬೇರೆಯಿದೆ. ಮೊದಲ ಬಾರಿಗೆ ಬಂದು, ಕೈಚೀಲದಲ್ಲಿ ಹಸ್ತಪ್ರತಿಯನ್ನು ಅವಿತಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಮುದುಡಿ ಕುಳಿತ ಗೃಹಿಣಿಯನ್ನೋ ನಿವೃತ್ತ ಮಾಸ್ತರರನ್ನೋ ಗುರುತಿಸಿ, ಹತ್ತಿರ ಹೋಗಿ ಮಾತನಾಡಿಸಿ, ಮುಂದಿನ ತಿಂಗಳೂ ಅವರು ಬರುವಂತೆ ಮಾಡಬೇಕು. ಇದನ್ನು ಯಾವ ಸಂಬಳದ ಕಾರ್ಯದರ್ಶಿಯೂ ಮಾಡಲಾರನೆಂದು ನನ್ನ ಅಭಿಪ್ರಾಯ.

ಪ್ರಾಂತೀಯ ಬಳಗದ ಮುಖ್ಯ ಚಟುವಟಿಕೆ ವಿಮರ್ಶಾಕೂಟ. ಐದಾರು ಜನ ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಅಥವಾ ಗ್ರಂಥಾಲಯದಲ್ಲಿ ಕೂಡುತ್ತಾರೆ. ಒಬ್ಬರ ಬರಹವನ್ನು ಎಲ್ಲರೂ ಮೊದಲೇ ಓದಿರುತ್ತಾರೆ, ಇಲ್ಲವೆ ಅಲ್ಲಿಯೇ ಗಟ್ಟಿಯಾಗಿ ಓದಿಸುತ್ತಾರೆ. ಅನೇಕ ಕೂಟಗಳಲ್ಲಿ ಒಂದು ಕಟ್ಟಳೆಯಿದೆ: ಉಳಿದವರು ಮಾತನಾಡುವಾಗ ಬರೆದವರು ಬಾಯಿ ತೆರೆಯಕೂಡದು. ಇದು ಕ್ರೂರವೆನಿಸಬಹುದು. ಆದರೆ ಪುಸ್ತಕವು ಮಗುವಿನ ಕೈಗೆ ಹೋದಾಗ, ‘ನಾನು ಹೇಳಬೇಕೆಂದಿದ್ದುದು ಹೀಗಲ್ಲ’ ಎಂದು ವಿವರಿಸಲು ಲೇಖಕನು ಪಕ್ಕದಲ್ಲಿ ನಿಂತಿರುವುದಿಲ್ಲವಲ್ಲ! ಮೊದಲು ಗುಣವನ್ನು ಹೇಳಬೇಕು, ಅನಂತರ ಎಲ್ಲಿ ತಮಗೆ ಕಥೆ ತಪ್ಪಿಹೋಯಿತೆಂಬುದನ್ನು ಹೇಳಬೇಕು, ತಿದ್ದುವುದನ್ನು ಬರೆದವರಿಗೇ ಬಿಡಬೇಕು. ನಮ್ಮ ಕಡೆಯ ಸಾಹಿತ್ಯ ಗೋಷ್ಠಿಗಳಲ್ಲಿ ಹಾರ ತುರಾಯಿಗಳ ನಡುವೆ ಹೊಗಳಿಕೆಯ ಹೊಳೆ ಹರಿಯುವುದನ್ನು ನೋಡಿದವರಿಗೆ ಈ ಪದ್ಧತಿಯ ಬೆಲೆ ತಿಳಿದೀತು.

ಮಕ್ಕಳ ಪುಸ್ತಕಕ್ಕೆ ಇಷ್ಟೊಂದು ಸಾಧನೆ ಏಕೆ ಎಂದು ಕೆಲವರು ಕೇಳಬಹುದು. ನಾಲ್ಕು ಸಾಲು ಪ್ರಾಸ, ನಾಲ್ಕು ಚಿತ್ರ, ಅಷ್ಟೇ ಅಲ್ಲವೇ ಎಂಬ ಭಾವನೆ ವಿದ್ಯಾವಂತರಲ್ಲಿಯೂ ಉಂಟು. ಚಿತ್ರಪುಸ್ತಕದ ರಚನೆಯನ್ನು ಒಮ್ಮೆ ನೋಡೋಣ. ಅದು ಸಾಮಾನ್ಯವಾಗಿ 32 ಪುಟಗಳದು. ದೊಡ್ಡ ಕಾಗದವನ್ನು ಎರಡೂ ಬದಿ ಮುದ್ರಿಸಿ ಮಡಿಸಿದಾಗ ಪುಟಗಳು ಎಂಟರ, ಹದಿನಾರರ ಲೆಕ್ಕದಲ್ಲಿ ಬರುತ್ತವೆಯಾದುದರಿಂದ ಈ ಸಂಖ್ಯೆ ರೂಢಿಗೆ ಬಂದಿದೆ. ಶೀರ್ಷಿಕೆ, ಹಕ್ಕುಗಳ ಪುಟ, ಅರ್ಪಣೆ ಮುಂತಾದವನ್ನು ಕಳೆದರೆ ಕಥೆಗೆ ಉಳಿಯುವುದು ಎದುರುಬದುರಾದ ಹದಿಮೂರು ಹದಿನಾಲ್ಕು ಜೋಡಿಪುಟಗಳು ಮಾತ್ರ. ಐನೂರು ಪದಗಳ ಆಸುಪಾಸಿನಲ್ಲಿ ಕಥೆ ಮುಗಿಯಬೇಕು. ಪುಟ ಮಗುಚುವ ಕ್ಷಣದಲ್ಲಿ ಮಗುವಿಗೆ ‘ಮುಂದೇನು?’ ಎಂಬ ತವಕ ಹುಟ್ಟಬೇಕು. ಆದ್ದರಿಂದ ಪಳಗಿದವರು ಕಾಗದಗಳನ್ನು ಮಡಿಸಿ ಹೊಲಿದು, ಅಂಗೈಯಗಲದ ಕಚ್ಚಾ ಪುಸ್ತಕವೊಂದನ್ನು ಮಾಡಿಕೊಂಡು, ಯಾವ ಮಾತು ಯಾವ ಪುಟದಲ್ಲಿ ನಿಲ್ಲಬೇಕೆಂದು ಪರೀಕ್ಷಿಸುತ್ತಾರೆ. ಈ ಸಣ್ಣ ಉಪಾಯವನ್ನು ತಿಳಿಯದೆ ವರ್ಷಗಟ್ಟಲೆ ತಿಣುಕಿದವರು, ಪ್ರಾಂತೀಯ ಕಮ್ಮಟದಲ್ಲಿ ಒಂದು ಮಧ್ಯಾಹ್ನ ಕುಳಿತು ಕಲಿತುಬಿಡುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. ಚಿತ್ರ ಹೇಳುವುದನ್ನು ಮಾತು ಹೇಳಬಾರದು. ‘ಕೆಂಪು ಲಂಗ ತೊಟ್ಟ ಹುಡುಗಿ’ ಎಂದು ಬರೆಯಬೇಕಾಗಿಲ್ಲ. ಲಂಗ ಕಣ್ಣಿಗೆ ಕಾಣುತ್ತಿದೆ. ಜೇನ್ ಯೋಲೆನ್ ಅವರು ಈ ಸಂಘದ ಆಡಳಿತ ಮಂಡಳಿಯಲ್ಲಿ ಬಹುಕಾಲ ಇದ್ದ ಹಿರಿಯ ಲೇಖಕಿ. ಅವರ ‘ಔಲ್ ಮೂನ್’ 1987ರಲ್ಲಿ ಪ್ರಕಟವಾಯಿತು. ಚಳಿಗಾಲದ ರಾತ್ರಿ ತಂದೆಯೊಡನೆ ಮಗುವೊಂದು ಗೂಬೆಯನ್ನು ಕಾಣಲು ಹಿಮದ ಕಾಡಿಗೆ ಹೋಗುವುದಷ್ಟೇ ಅದರ ಕಥೆ. ಮಾತು ಅತ್ಯಲ್ಪ. ಉಳಿದುದನ್ನು ಜಾನ್ ಶೋನ್‌ಹೆರ್ ಎಂಬ ಚಿತ್ರಕಾರರ ಬೆಳದಿಂಗಳು ಹೇಳುತ್ತದೆ. 1988ರ ಕಾಲ್ಡೆಕಾಟ್ ಪದಕ ಆ ಪುಸ್ತಕಕ್ಕೆ ಬಂತು. ಆ ಪದಕ ಸಲ್ಲುವುದು ಬರೆದವರಿಗಲ್ಲ, ಚಿತ್ರಿಸಿದವರಿಗೆ. ಅಲ್ಲಿ ಚಿತ್ರಕಾರನಿಗೆ ಪ್ರತ್ಯೇಕ ಸ್ಥಾನವನ್ನು 1938ರಷ್ಟು ಹಿಂದೆಯೇ ಕಲ್ಪಿಸಲಾಗಿತ್ತೆಂಬುದು ಮನನೀಯವಾದ ಸಂಗತಿ.

ಪ್ರಾಂತೀಯ ಸ್ವಯಂಸೇವಕರು ಬರಹವನ್ನು ತಿದ್ದಿಸಿ ಸುಮ್ಮನಾಗುವುದಿಲ್ಲ. ದೊಡ್ಡ ಪ್ರಕಾಶಕರಲ್ಲಿ ಅನೇಕರು ಅಪರಿಚಿತರ ಹಸ್ತಪ್ರತಿಗಳನ್ನು ನೇರವಾಗಿ ತೆಗೆದುಕೊಳ್ಳುವುದಿಲ್ಲ. ಹಾಗಾದರೆ ಹಳ್ಳಿಯ ಮೂಲೆಯಲ್ಲಿ ಕುಳಿತ ಹೊಸಬನಿಗೆ ಬಾಗಿಲು ಯಾವುದು? ಬ್ರಿಟಿಷ್ ದ್ವೀಪಗಳ ಶಾಖೆಯವರು ಇದಕ್ಕೊಂದು ಜಾಣತನದ ಉಪಾಯ ಕಂಡುಕೊಂಡರು. ಒಂದು ಪುಸ್ತಕವೂ ಪ್ರಕಟವಾಗದ ಸದಸ್ಯರಿಂದ ಕಾದಂಬರಿಯ ಮೊದಲ ಪುಟಗಳನ್ನು ತರಿಸಿ, ಹೆಸರನ್ನು ಮರೆಮಾಡಿ, ಪ್ರಕಾಶನರಂಗದವರಿಂದಲೇ ಆಯ್ಕೆ ಮಾಡಿಸಿ, ಅವನ್ನು ಸಂಕಲನವಾಗಿ ಅಚ್ಚುಹಾಕಿ ಸಂಪಾದಕರಿಗೂ ಸಾಹಿತ್ಯ ಪ್ರತಿನಿಧಿಗಳಿಗೂ ಉಚಿತವಾಗಿ ಕಳುಹಿಸಿದರು. ‘ಅನ್‌ಡಿಸ್ಕವರ್ಡ್ ವಾಯ್ಸಸ್’ ಎಂಬ ಆ ಸಂಕಲನದ ಮೊದಲ ಸಂಪುಟ ಹೊರಟದ್ದು 2008ರಲ್ಲಿ. ಅದರಲ್ಲಿ ಕಾಣಿಸಿಕೊಂಡ ಅನೇಕರು ಮುಂದೆ ಹೆಸರಾಂತ ಲೇಖಕರಾದರು. ಕೆಲ ವರ್ಷಗಳ ನಂತರ ಚಿತ್ರಕಾರರಿಗೂ ಅದರಲ್ಲಿ ಎಡೆ ದೊರೆಯಿತು. ಹೊಸಬರು ಹೋಗಿ ಕದ ತಟ್ಟುವ ಬದಲು, ಅವರ ಬರಹವನ್ನೇ ಮನೆಯೊಳಗೆ ಮುಟ್ಟಿಸಿದ ಈ ಯೋಚನೆ ಮೆಚ್ಚತಕ್ಕದ್ದು.

ಜಪಾನಿನ ನಿದರ್ಶನ ಇನ್ನೂ ಹೃದಯಸ್ಪರ್ಶಿಯಾಗಿದೆ. 2011ರ ಮಾರ್ಚ್ ತಿಂಗಳಲ್ಲಿ ಈಶಾನ್ಯ ಜಪಾನನ್ನು ಭೂಕಂಪವೂ ಕಡಲ ಪ್ರಳಯವೂ ಒಮ್ಮೆಲೇ ಬಡಿದವು. ಟೋಕಿಯೋ ಶಾಖೆಯನ್ನು ಆಗ ನೋಡಿಕೊಳ್ಳುತ್ತಿದ್ದವರಲ್ಲಿ ಹಾಲಿ ಥಾಂಪ್ಸನ್ ಎಂಬ ಲೇಖಕಿ ಒಬ್ಬರು. ಬರಹಗಾರರ ಕೈಯಲ್ಲಿ ಬರಹವಲ್ಲದೆ ಮತ್ತೇನಿದೆ? ಜಪಾನಿನೊಡನೆ ನಂಟುಳ್ಳ ಲೇಖಕರಿಂದಲೂ ಅನುವಾದಕರಿಂದಲೂ ಹದಿಹರೆಯದವರ ಕಥೆಗಳನ್ನು ಕೂಡಿಸಿ ಅವರು ಸಂಪಾದಿಸಿದ ‘ತೋಮೋ’ ಎಂಬ ಸಂಕಲನ, ದುರಂತಕ್ಕೆ ವರ್ಷ ತುಂಬುವ ವೇಳೆಗೆ, 2012ರಲ್ಲಿ ಹೊರಬಂದಿತು. ‘ತೋಮೋ’ ಎಂದರೆ ಜಪಾನೀ ಭಾಷೆಯಲ್ಲಿ ಸ್ನೇಹಿತ. ಅದರ ಆದಾಯವನ್ನು ಪ್ರಳಯಪೀಡಿತ ಪ್ರದೇಶದ ಹದಿಹರೆಯದವರ ನೆರವಿಗೆ ಮೀಸಲಿಟ್ಟರು. ವರ್ಷಗಳಿಂದ ತಿಂಗಳುತಿಂಗಳು ಕೂಡುತ್ತ ಬಂದ ಪರಿಚಯ ಇಲ್ಲದಿದ್ದರೆ, ಅಷ್ಟು ಅಲ್ಪಕಾಲದಲ್ಲಿ ಅಷ್ಟು ಮಂದಿಯನ್ನು ಒಂದುಗೂಡಿಸುವುದು ಆಗುತ್ತಿದ್ದಿತೇ?

ಇಂತಹ ಬಳಗಗಳಿಗೆ ತೊಡಕುಗಳಿಲ್ಲವೆಂದಲ್ಲ. ಇದ್ದ ನಾಲ್ಕೇ ಜನರ ಮೇಲೆ ಎಲ್ಲ ಭಾರ ಬೀಳುತ್ತದೆ. ಒಬ್ಬರು ದಣಿದು ಬಿಟ್ಟರೆ ಶಾಖೆಯೇ ಬಾಡುತ್ತದೆ. ಸೇವೆಗೆ ಸಂಬಳವಿಲ್ಲವೆಂದರೆ, ಹೊಟ್ಟೆಪಾಡಿಗಾಗಿ ಎರಡು ಕಡೆ ದುಡಿಯುವವನು ಮುಂದಾಳುವಾಗುವುದು ಕಷ್ಟ. ಅನುಕೂಲಸ್ಥರೇ ಮತ್ತೆ ಮತ್ತೆ ಮುಂದೆ ಬರುತ್ತಾರೆ. ಇದನ್ನು ಮುಚ್ಚಿಟ್ಟು ಬರೀ ಹೊಗಳುವುದು ಸರಿಯಲ್ಲ. 2020ರಲ್ಲಿ ಕೊರೋನಾ ಪಿಡುಗು ಹಬ್ಬಿ ಕೂಟಗಳೆಲ್ಲ ದೂರಸಂಪರ್ಕದ ಪರದೆಗೆ ಬಂದಾಗ, ದೂರದ ಊರಿನವರಿಗೆ ಸೌಕರ್ಯವಾಯಿತು, ನಿಜ. ಆದರೆ ಹಿಂದಿನ ಸಾಲಿನಲ್ಲಿ ಮುದುಡಿ ಕುಳಿತವರನ್ನು ಪರದೆಯ ಮೇಲೆ ಗುರುತಿಸುವುದು ಸುಲಭವಲ್ಲ.

ನಮ್ಮ ದೇಶದಲ್ಲಿ ಈ ಕಲ್ಪನೆ ಹೊಸದಲ್ಲ. ವ್ಯಂಗ್ಯಚಿತ್ರಕಾರ ಶಂಕರ್ ಅವರು 1957ರಲ್ಲಿ ದೆಹಲಿಯಲ್ಲಿ ಚಿಲ್ಡ್ರನ್ಸ್ ಬುಕ್ ಟ್ರಸ್ಟನ್ನು ಕಟ್ಟಿದರು; 1981ರಲ್ಲಿ ಮಕ್ಕಳ ಲೇಖಕರ ಹಾಗೂ ಚಿತ್ರಕಾರರ ಅಖಿಲ ಭಾರತ ಸಂಘಕ್ಕೂ ಅವರೇ ಕಾರಣಪುರುಷರಾದರು. ಕನ್ನಡನಾಡಿನಲ್ಲಿ ಅದಕ್ಕೂ ಬಹು ಹಿಂದೆ, ‘ಕವಿಶಿಷ್ಯ’ ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿ ಗೆಳೆಯರನ್ನು ಕೂಡಿಕೊಂಡು ‘ಬಾಲಸಾಹಿತ್ಯ ಮಂಡಲ’ವನ್ನು ನಡೆಸಿದರು. ಶಾಲೆಗಳನ್ನು ತನಿಖೆ ಮಾಡುತ್ತ ಊರೂರು ತಿರುಗಿದ ಆ ಮಹನೀಯರಿಗೆ ಮಕ್ಕಳ ಬಾಯಲ್ಲಿ ಯಾವ ಮಾತು ನಿಲ್ಲುತ್ತದೆ, ಯಾವುದು ಜಾರುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಉತ್ತರದಲ್ಲಿ ವಿಜಯಪುರ ಜಿಲ್ಲೆಯಂತೂ ಶಿಶುಸಾಹಿತ್ಯದ ತವರೆನಿಸಿತು. ಸಿಸು ಸಂಗಮೇಶ, ಶಂ. ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ ಮೊದಲಾದವರ ಹೆಸರು ಆ ಭಾಗದ ಮನೆಮನೆಗೆ ಪರಿಚಿತ. ಬಿಸಿಲನಾಡಿನ ಶಾಲೆಗಳಲ್ಲಿ ಮಕ್ಕಳ ನಡುವೆಯೇ ಬಾಳಿದವರು ಬರೆದ ಪದ್ಯಗಳಿಗೆ ಬೇರೊಂದು ಕಸುವು ಇದೆ.

ಆದರೆ ಈ ಪರಂಪರೆಯಲ್ಲಿ ಚಿತ್ರಕಾರನೆಲ್ಲಿ? ಅರವತ್ತು ದಾಟಿದ ನಮ್ಮಂತಹವರಿಗೆ ‘ಚಂದಮಾಮ’ದ ಬೇತಾಳ ಇಂದಿಗೂ ಕಣ್ಣಮುಂದಿದ್ದಾನೆ, ಕತ್ತಿ ಹಿಡಿದು, ಶವವನ್ನು ಹೆಗಲಿಗೇರಿಸಿ ಸ್ಮಶಾನದಲ್ಲಿ ನಡೆಯುವ ವಿಕ್ರಮಾದಿತ್ಯನೂ ಇದ್ದಾನೆ. ಆ ಚಿತ್ರವನ್ನು ಬರೆದವರು ಕೆ. ಸಿ. ಶಿವಶಂಕರನ್. ಅವರು 2020ರಲ್ಲಿ ತೀರಿಕೊಂಡಾಗ, ಅವರ ಹೆಸರನ್ನು ಮೊದಲ ಬಾರಿಗೆ ಕೇಳಿದವರು ನಮ್ಮಲ್ಲಿ ಎಷ್ಟು ಮಂದಿಯೋ! ಕನ್ನಡದ ಮಕ್ಕಳ ಪುಸ್ತಕಗಳಲ್ಲಿ ಇಂದಿಗೂ ಚಿತ್ರಕಾರನ ಹೆಸರು ಎಷ್ಟೋ ಕಡೆ ಹಕ್ಕುಗಳ ಪುಟದ ಕೆಳಗೆ ಇರುವೆಯ ಗಾತ್ರದ ಅಕ್ಷರದಲ್ಲಿ ಅಡಗಿರುತ್ತದೆ. ಕೆಲವೆಡೆ ಅದೂ ಇರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ದೃಷ್ಟಿಯಲ್ಲಿ ಚಿತ್ರಕ್ಕೆ ಚಿತ್ರಕಾರನೇ ಕರ್ತೃ. ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಹಕ್ಕನ್ನು ಅದರ 57ನೆಯ ಕಲಮು ಕೊಡುತ್ತದೆ, ಚಿತ್ರದ ಸ್ವಾಮ್ಯವನ್ನು ಮಾರಿದ ಮೇಲೆಯೂ ಆ ಹಕ್ಕು ಉಳಿಯುತ್ತದೆ. ಒಂಟಿಯಾಗಿ ಕುಳಿತು ಬಣ್ಣ ಕಲಸುವ ತರುಣ ಕಲಾವಿದನಿಗೆ ಇದನ್ನು ಹೇಳುವವರಾರು? ಒಪ್ಪಂದದ ಕಾಗದವನ್ನು ಸಹಿಗೆ ಮೊದಲು ಯಾರಿಗೆ ತೋರಿಸಬೇಕು? ಚಿತ್ರಕ್ಕೆ ಇಂತಿಷ್ಟು ಹಣ ಕೇಳಬಹುದೆಂದು ಯಾರನ್ನು ವಿಚಾರಿಸಬೇಕು? ಅಲ್ಲಿನ ಪ್ರಾಂತೀಯ ಬಳಗಗಳಲ್ಲಿ ಇಂತಹ ಪ್ರಶ್ನೆಗೆ ಉತ್ತರ ಹೇಳುವ ಹಿರಿಯರೊಬ್ಬರು ಸಿಕ್ಕೇ ಸಿಗುತ್ತಾರೆ.

ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಬಾಲಸಾಹಿತ್ಯ ಪುರಸ್ಕಾರವನ್ನು ಕೊಡುತ್ತಿದೆ. ಮೊದಲ ವರ್ಷ ಕನ್ನಡದಲ್ಲಿ ಅದನ್ನು ಪಡೆದವರು ಬೊಳುವಾರು ಮಹಮದ್ ಕುಂಞಿ. ಇದು ಸಂತೋಷದ ವಿಷಯ. ಆದರೆ ಪುರಸ್ಕಾರ ಬರುವುದು ಪುಸ್ತಕ ಆದ ಮೇಲೆ. ಪುಸ್ತಕ ಆಗುವುದಕ್ಕೆ ಮೊದಲಿನ ದೀರ್ಘವಾದ ಹಾದಿಯಲ್ಲಿ ಬರೆಯುವವರ ಮತ್ತು ಚಿತ್ರಿಸುವವರ ಜೊತೆ ನಡೆಯುವವರು ಬೇಕು. ಅದಕ್ಕೆ ದೊಡ್ಡ ನಿಧಿಯೇನೂ ಬೇಡ. ತಾಲೂಕು ಗ್ರಂಥಾಲಯದ ಒಂದು ಕೋಣೆ, ತಿಂಗಳ ಎರಡನೆಯ ಭಾನುವಾರ ಎಂಬಂತಹ ನಿಶ್ಚಿತ ದಿನ, ಕಥೆ ಬರೆಯುವ ಇಬ್ಬರು ಶಿಕ್ಷಕಿಯರು, ಹತ್ತಿರದ ಕಲಾಶಾಲೆಯ ಒಬ್ಬಿಬ್ಬರು ವಿದ್ಯಾರ್ಥಿಗಳು, ಮತ್ತು ಕೋಣೆಯ ಬೀಗದ ಕೈಯನ್ನು ತಪ್ಪದೆ ತರುವ ಒಬ್ಬರು. ಓದಿದ ಕಥೆಯನ್ನು ಕೇಳುವುದಕ್ಕೆ ಅಕ್ಕಪಕ್ಕದ ಓಣಿಯ ನಾಲ್ಕು ಮಕ್ಕಳನ್ನೂ ಕೂಡಿಸಿಕೊಂಡರೆ ಒಳಿತು. ಕಥೆ ಬೇಸರವಾದರೆ ಅವು ನಡುವೆಯೇ ಎದ್ದು ಹೊರಗೆ ಆಡಲು ಹೋಗುತ್ತವೆ. ಯಾವ ಸಾಲಿಗೆ ಎದ್ದವೆಂಬುದನ್ನು ಯಾರಾದರೂ ಗುರುತು ಹಾಕಿಕೊಳ್ಳಬೇಕು.