ಮಕ್ಕಳ ಹೋಮ್‌ವರ್ಕ್: ಪಕ್ಕದಲ್ಲಿ ಕೂರುವುದೂ ಎದ್ದು ಬರುವುದೂ

ಸಂಜೆ ಮಗ್ರಿಬ್ ಕಳೆದ ಮೇಲೆ ನಮ್ಮ ಬಹುತೇಕ ಮನೆಗಳಲ್ಲಿ ಕೇಳಿಬರುವುದು ಒಂದೇ ಮಾತು: "ಹೋಮ್‌ವರ್ಕ್ ಆಯಿತಾ?" ಅಷ್ಟು ಹೊತ್ತಿಗೆ ಮೂರನೇ ತರಗತಿಯ ಮಗು ಬೆಳಿಗ್ಗೆ ಮದ್ರಸಕ್ಕೆ ಹೋಗಿ ಬಂದಿರುತ್ತದೆ, ದಿನವಿಡೀ ಶಾಲೆಯಲ್ಲಿ ಕುಳಿತಿರುತ್ತದೆ, ಕೆಲವು ಮಕ್ಕಳು ಟ್ಯೂಷನ್ನನ್ನೂ ಮುಗಿಸಿರುತ್ತವೆ. ಇಷ್ಟಾದ ಮೇಲೂ ಚೀಲದಿಂದ ನಾಲ್ಕು ನೋಟ್‌ಬುಕ್ ಹೊರಬರುತ್ತವೆ. ಮಗು ತೂಕಡಿಸುತ್ತದೆ, ತಾಯಿ ಗದರುತ್ತಾಳೆ, ಕೊನೆಗೆ ಅಕ್ಕನೋ ಅಣ್ಣನೋ ಬರೆದು ಮುಗಿಸುತ್ತಾರೆ. ಟೀಚರ್ ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕುತ್ತಾರೆ. ಮಗು ಕಲಿತದ್ದೇನು ಎಂದು ಯಾರೂ ಕೇಳುವುದಿಲ್ಲ.

ಹೋಮ್‌ವರ್ಕ್ ಎಷ್ಟಿರಬೇಕು ಎಂಬುದಕ್ಕೆ ಒಂದು ಲೆಕ್ಕವಿದೆ ಎಂಬುದು ಅನೇಕ ಪೋಷಕರಿಗೆ ಗೊತ್ತಿಲ್ಲ. ಕೇಂದ್ರ ಸರಕಾರದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಎರಡನೇ ತರಗತಿಯವರೆಗೆ ಹೋಮ್‌ವರ್ಕ್ ಕೊಡಬಾರದು. 3ರಿಂದ 5ನೇ ತರಗತಿಯವರಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ಗಮನಿಸಿ, ದಿನಕ್ಕಲ್ಲ, ವಾರಕ್ಕೆ. 6ರಿಂದ 8ರವರೆಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ. ಚಿಕ್ಕ ಮಕ್ಕಳು ಮನೆಯಲ್ಲಿ ಸಂಜೆ ಹೇಗೆ ಕಳೆದರು, ಯಾವ ಆಟ ಆಡಿದರು, ಏನು ಊಟ ಮಾಡಿದರು ಎಂಬುದನ್ನು ತರಗತಿಯಲ್ಲಿ ಹೇಳಲಿ ಎಂದೂ ಆ ನೀತಿ ಸೂಚಿಸುತ್ತದೆ. ಅಂದರೆ ಆಡುವುದು, ಉಣ್ಣುವುದು, ಅದರ ಬಗ್ಗೆ ಮಾತಾಡುವುದೇ ಅವರ ಹೋಮ್‌ವರ್ಕ್. ಇದು ನೀತಿ ಮಾತ್ರ. ಎಲ್ಲ ಶಾಲೆಗಳೂ ಪಾಲಿಸುತ್ತಿಲ್ಲ ಎಂಬುದು ಮಕ್ಕಳ ಚೀಲ ಎತ್ತಿ ನೋಡಿದರೆ ತಿಳಿಯುತ್ತದೆ. ಇದಕ್ಕೆ ಶಾಲೆಗಳನ್ನಷ್ಟೇ ದೂರುವಂತಿಲ್ಲ. ಹೋಮ್‌ವರ್ಕ್ ಕಡಿಮೆ ಕೊಡುವ ಶಾಲೆಯನ್ನು "ಅಲ್ಲಿ ಏನೂ ಕಲಿಸುವುದಿಲ್ಲ" ಎಂದು ಹೇಳಿ ಮಗುವನ್ನು ಬಿಡಿಸಿಕೊಳ್ಳುವ ಪೋಷಕರೂ ನಮ್ಮಲ್ಲೇ ಇದ್ದಾರೆ.

ಇನ್ನೊಂದು ದೂರನ್ನೂ ಆಗಾಗ ಕೇಳುತ್ತೇವೆ. "ಒಂದನೇ ತರಗತಿ ಮುಗಿಯುತ್ತಾ ಬಂತು, ಮಗುವಿಗೆ ಅ ಆ ಇ ಈ ಸಾಲಾಗಿ ಹೇಳಲು ಬರುವುದಿಲ್ಲ." ಸರಕಾರಿ ಕನ್ನಡ ಶಾಲೆಯಾದರೆ ಇದಕ್ಕೆ ಕಾರಣ ಸೋಮಾರಿತನವಲ್ಲ. ಅಲ್ಲಿ ಅಕ್ಷರ ಶುರುವಾಗುವುದೇ ರ, ಗ, ಸ, ದ, ಅ ಎಂದು. ಈ ಐದು ಅಕ್ಷರ ಬಂದರೆ ಮಗು ಸರ, ರಸ, ದರ, ಅಗಸ, ಅರಸ ಎಂದು ಆ ವಾರವೇ ಓದಬಲ್ಲದು. ವರ್ಣಮಾಲೆಯನ್ನು ಸಾಲಾಗಿ ಕಲಿತ ಮಗು ಒಂದು ಪೂರ್ತಿ ಪದ ಓದಲು ವ್ಯಂಜನಗಳು ಬರುವ ತನಕ ಕಾಯಬೇಕಾಗುತ್ತದೆ. ಮನೆಯಲ್ಲಿ ಹಳೆಯ ಕ್ರಮವನ್ನೇ ಬೆತ್ತ ಹಿಡಿದು ಕಲಿಸಿದರೆ ಮಗುವಿಗೆ ಶಾಲೆಯದು ಒಂದು, ಮನೆಯದು ಒಂದಾಗಿ ಎರಡೂ ಕೆಡುತ್ತವೆ. ಸಾಲಿನ ಕ್ರಮ ಆಮೇಲೆ ತಾನಾಗಿಯೇ ಬರುತ್ತದೆ.

ಈ ತರಗತಿಗಳಲ್ಲಿ ನಡೆಯುವುದು ನಲಿಕಲಿ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಆರಂಭವಾಯಿತು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿಶಾಲೆಗಳ ವಿಧಾನ ಇದಕ್ಕೆ ಪ್ರೇರಣೆ, ಯುನಿಸೆಫ್ ನೆರವಾಯಿತು. 2009-10ರಿಂದ ರಾಜ್ಯದ ಸರಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ಬಂತು. ಕಿಟಕಿಯಿಂದ ಇಣುಕುವ ಪೋಷಕರಿಗೆ ಅಲ್ಲಿ ಗದ್ದಲವೇ ಕಾಣುತ್ತದೆ. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪಾಗಿ ಕುಳಿತಿರುತ್ತಾರೆ. ಒಂದು ಗುಂಪಿಗೆ ಶಿಕ್ಷಕರೇ ಕಲಿಸುತ್ತಾರೆ, ಇನ್ನೊಂದರಲ್ಲಿ ಗೆಳೆಯರು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ, ಮತ್ತೊಂದರಲ್ಲಿ ಮಗು ಒಬ್ಬನೇ ಕಲಿಯುತ್ತಾನೆ. ಈ ಗುಂಪುಗಳಿಗೆ ತಟ್ಟೆ ಎಂದು ಹೆಸರು. ಗೋಡೆಯ ಮೇಲೆ ಕಲಿಕಾ ಏಣಿ; ಮಗು ಒಂದೊಂದೇ ಮೆಟ್ಟಿಲು ಹತ್ತುತ್ತಾ ತನ್ನ ಕಾರ್ಡ್ ತಾನೇ ಹುಡುಕಿ ತೆಗೆಯುತ್ತದೆ. ಜ್ವರ ಬಂದು ಒಂದು ವಾರ ಮನೆಯಲ್ಲಿದ್ದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ, ಪಾಠ ತಪ್ಪಿಹೋಗುವುದಿಲ್ಲ. ಶಿಕ್ಷಕರ ಸಂಖ್ಯೆ ಸಾಲದ ಕಡೆ ಇದು ಹೆಸರಿಗೆ ಮಾತ್ರ ನಡೆಯುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ಆದರೆ ಗದ್ದಲವೇ ತಪ್ಪು ಎಂದು ತಿಳಿಯಬೇಕಾಗಿಲ್ಲ.

ಇನ್ನು ಕಾಗುಣಿತದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಮಕ್ಕಳು ಅವಮಾನ ಅನುಭವಿಸುವುದು ಹೆಚ್ಚಾಗಿ ಇಲ್ಲಿಯೇ. ಉಕ್ತಲೇಖನದಲ್ಲಿ "ಅಮ್ಮ ಸಾರಿಗೆ ಹುಲಿ ಹಾಕಿದರು" ಎಂದು ಬರೆದ ಹುಡುಗಿಯನ್ನು ನೋಡಿ ತರಗತಿಯೆಲ್ಲ ನಗುತ್ತದೆ. "ನಿಮ್ಮವರಿಗೆ ಕನ್ನಡ ಬರುವುದೇ ಇಲ್ಲ" ಎಂಬ ಮಾತೂ ಬೀಳುತ್ತದೆ. ಆ ಮಗು ಮರುದಿನದಿಂದ ಕೈ ಎತ್ತುವುದಿಲ್ಲ. ಕೆಲವು ವರ್ಷಗಳ ನಂತರ "ಅವಳಿಗೆ ಓದು ತಲೆಗೆ ಹತ್ತಲಿಲ್ಲ" ಎಂದು ನಾವೇ ಹೇಳುತ್ತೇವೆ.

ಅವಳ ತಪ್ಪಿಗೆ ಕಾರಣವಿದೆ. ಉರ್ದುವಿನಲ್ಲಿ ಳ ಮತ್ತು ಣ ಎಂಬ ಧ್ವನಿಗಳೇ ಇಲ್ಲ. ಬ್ಯಾರಿಯಲ್ಲಿ ಕೂಡ ಲ–ಳ, ನ–ಣ ಭೇದ ಉಳಿದಿಲ್ಲ. ಕಿವಿ ಹಿಡಿಯದ ಭೇದವನ್ನು ಕೈ ಬರೆಯುವುದು ಹೇಗೆ? ಇಂತಹ ಮಗುವಿಗೆ "ಹುಳಿ" ಎಂದು ನೂರು ಸಲ ಬರೆಸಿದರೆ ಪ್ರಯೋಜನವಿಲ್ಲ. ಮೊದಲು ಕೇಳಿಸಬೇಕು. ಹುಲಿ–ಹುಳಿ, ಹಲ್ಲಿ–ಹಳ್ಳಿ, ಬೆಲೆ–ಬೆಳೆ, ಮನೆ–ಮಣೆ. ಒಂದು ಪದ ಹೇಳಿ, ಅದರ ಚಿತ್ರ ತೋರಿಸಲು ಹೇಳಿ. ಳ ಹೇಳುವಾಗ ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗಳಕ್ಕೆ ತಾಗುತ್ತದೆ ಎಂಬುದನ್ನು ಕನ್ನಡಿಯ ಮುಂದೆ ತೋರಿಸಿ. ನಾಲ್ಕಾರು ದಿನ ಆಟದಂತೆ ಮಾಡಿದರೆ ಕಿವಿ ತೆರೆಯುತ್ತದೆ, ಆಮೇಲೆ ಬರಹ ತಾನಾಗಿ ಸರಿಹೋಗುತ್ತದೆ. ಅಂದ ಹಾಗೆ, ಹಳೇ ಮೈಸೂರಿನ ಹಳ್ಳಿಗಳ ಮಕ್ಕಳು ಮನೆಮಾತೇ ಕನ್ನಡವಾಗಿದ್ದರೂ "ಹಕ್ಕಿ"ಯನ್ನು "ಅಕ್ಕಿ" ಎಂದು ಬರೆಯುತ್ತಾರೆ. ಮನೆಯ ನುಡಿ ಬರಹದೊಳಗೆ ಇಣುಕುವುದು ಯಾವ ಒಂದು ಸಮುದಾಯದ ಗುತ್ತಿಗೆಯೂ ಅಲ್ಲ.

ನಮ್ಮ ಮಕ್ಕಳಿಗೆ ಅನುಕೂಲವಾದ ಸಂಗತಿಯೂ ಇದೆ. ಖ, ಘ, ಭ ಮುಂತಾದ ಮಹಾಪ್ರಾಣಗಳು ಅನೇಕ ಮಕ್ಕಳಿಗೆ ಕಷ್ಟ. ಉರ್ದು ಮನೆಯ ಮಗು "ಖಾನಾ", "ಘರ್", "ಭಾಯಿ" ಎಂದು ದಿನವೂ ಹೇಳುತ್ತದೆ. ಅದನ್ನೇ ನೆನಪಿಸಿದರೆ ಸಾಕು. ಬಾಯಿಯ ಮುಂದೆ ತೆಳುವಾದ ಕಾಗದ ಹಿಡಿದು "ಕ", "ಖ" ಹೇಳಿಸಿ, ಖ ಹೇಳಿದಾಗ ಕಾಗದ ಜೋರಾಗಿ ಅಲ್ಲಾಡುತ್ತದೆ. ಆದರೆ ನಮ್ಮ ದಖನಿಯಲ್ಲಿ "ಹಾಥ್" ಹೋಗಿ "ಹಾತ್" ಆಗಿರುವುದರಿಂದ ಪದದ ಕೊನೆಯಲ್ಲಿ ಮಕ್ಕಳು ಎಡವುವುದುಂಟು.

ಒತ್ತಕ್ಷರ ಮತ್ತೊಂದು ತೊಡಕು. "ಕತೆ" ಮತ್ತು "ಕತ್ತೆ"ಯ ನಡುವೆ ಇರುವುದು ಒಂದು ಒತ್ತು ಮಾತ್ರ. ಕ, ಗ, ಚಗಳ ಒತ್ತು ಮೂಲ ಅಕ್ಷರವನ್ನೇ ಹೋಲುತ್ತದೆ; ತ, ನ, ಮ, ಯ, ರ, ಲಗಳ ಒತ್ತು ಹೋಲುವುದೇ ಇಲ್ಲ, ಅವನ್ನು ಬೇರೆಯಾಗಿಯೇ ಕಲಿಯಬೇಕು. "ಸೂರ್ಯ" ಪದದಲ್ಲಿ ಬಾಯಿ ಮೊದಲು ಹೇಳುವುದು ರ್, ಕೈ ಅದರ ಗುರುತನ್ನು ಬರೆಯುವುದು ಯ ಆದ ಮೇಲೆ. ಇದು ದೊಡ್ಡವರಿಗೇ ಗೊಂದಲ. ಮದ್ರಸದಲ್ಲಿ "ಐನ್" ಅಕ್ಷರ ಪದದ ಆರಂಭದಲ್ಲಿ ಒಂದು ರೂಪ, ನಡುವೆ ಇನ್ನೊಂದು, ಕೊನೆಯಲ್ಲಿ ಮತ್ತೊಂದು ರೂಪ ತಾಳುವುದನ್ನು ಕಲಿತ ಮಗುವಿಗೆ "ಇದೂ ಹಾಗೆಯೇ, ಜಾಗ ಬದಲಾದರೆ ಆಕಾರ ಬದಲಾಗುತ್ತದೆ" ಎಂದು ಹೇಳಿಕೊಡಿ, ಬೇಗ ಹಿಡಿಯುತ್ತದೆ.

ಹತ್ತು ಸಲ ಕಾಪಿ ಬರೆಸುವ ಪದ್ಧತಿಯ ಬಗ್ಗೆ ನಮಗೆ ಒಳ್ಳೆಯ ಅಭಿಪ್ರಾಯವಿಲ್ಲ. ಮಗು ಹೇಗೆ ಬರೆಯುತ್ತದೆ ಎಂದು ಒಮ್ಮೆ ಮರೆಯಲ್ಲಿ ನಿಂತು ನೋಡಿ. ಮೊದಲ ಅಕ್ಷರವನ್ನು ಹತ್ತು ಗೆರೆಗಳಲ್ಲಿ ಕೆಳಗಿನ ತನಕ ಬರೆದು, ಮತ್ತೆ ಮೇಲೆ ಬಂದು ಎರಡನೇ ಅಕ್ಷರ ಬರೆಯುತ್ತದೆ. ಪದವನ್ನು ಅದು ಒಮ್ಮೆಯೂ ಬರೆದಿರುವುದಿಲ್ಲ. ಇದರ ಬದಲು ವಾರಕ್ಕೆ ಹತ್ತು ಪದ ಆರಿಸಿ. ಪದವನ್ನು ನೋಡಿ ಗಟ್ಟಿಯಾಗಿ ಓದಲಿ, ಕೈಯಿಂದ ಮುಚ್ಚಲಿ, ನೆನಪಿನಿಂದ ಬರೆಯಲಿ, ತೆರೆದು ತಾನೇ ಹೋಲಿಸಲಿ. ತಪ್ಪನ್ನು ಮಗುವೇ ಕಂಡುಹಿಡಿಯಬೇಕು, ಮುಖ್ಯವಾದದ್ದು ಅದೇ. ಮೂರು ದಿನ ಬಿಟ್ಟು ಅದೇ ಪದಗಳನ್ನು ಮತ್ತೆ ಕೇಳಿ. ಇಂಗ್ಲಿಷ್ ಸ್ಪೆಲ್ಲಿಂಗಿಗೂ ಇದೇ ವಿಧಾನ ನಡೆಯುತ್ತದೆ. ಅಲ್ಲಿ ಉಚ್ಚಾರಕ್ಕೂ ಬರಹಕ್ಕೂ ನಂಟು ಸಡಿಲವಾದ್ದರಿಂದ ಕಣ್ಣಿನ ನೆನಪು ಇನ್ನೂ ಹೆಚ್ಚು ಬೇಕು.

"ನಮಗೇ ಕನ್ನಡ ಓದಲು ಬರುವುದಿಲ್ಲ, ಏನು ಹೇಳಿಕೊಡುವುದು?" ಎಂದು ಉರ್ದು ಮಾಧ್ಯಮದಲ್ಲಿ ಓದಿದ ಅನೇಕ ತಾಯಂದಿರು ಕೇಳುತ್ತಾರೆ. ಹೇಳಿಕೊಡಬೇಕಾಗಿಲ್ಲ. ಅಡುಗೆ ಮಾಡುತ್ತಲೇ "ಇವತ್ತಿನ ಪಾಠ ಓದು, ಕೇಳುತ್ತೇನೆ" ಎನ್ನಿ. ಓದಿದ ಮೇಲೆ ಅದನ್ನು ಮನೆಮಾತಿನಲ್ಲಿ ಹೇಳಲು ತಿಳಿಸಿ. ಹೇಳಲು ಬಂದರೆ ಮಗುವಿಗೆ ಅರ್ಥವಾಗಿದೆ. ತಡವರಿಸಿದರೆ ಓದಿದ್ದು ಬರೀ ಸದ್ದು. ಇಷ್ಟು ಪರೀಕ್ಷೆಗೆ ತಾಯಿಗೆ ಕನ್ನಡ ಅಕ್ಷರ ಬರಬೇಕೆಂದೇನೂ ಇಲ್ಲ.

ಚಟುವಟಿಕೆ, ಪ್ರಾಜೆಕ್ಟ್ ಎಂದು ಶಾಲೆಯಿಂದ ಬರುವ ಕೆಲಸವನ್ನು ಅಂಗಡಿಯ ಚಾರ್ಟು, ಥರ್ಮೋಕೋಲ್, ಬಣ್ಣದ ಪ್ರಿಂಟಿಗೆ ಒಪ್ಪಿಸಿಬಿಡುವುದು ಈಗ ರೂಢಿಯಾಗಿದೆ. ಐದು ಬಗೆಯ ಎಲೆ ತರಲು ಹೇಳಿದರೆ ಮಗುವೇ ಹಿತ್ತಿಲಿಗೆ ಹೋಗಲಿ. ನುಗ್ಗೆ, ಕರಿಬೇವು, ಬಾಳೆ ಎಲ್ಲಿ ಬೆಳೆಯುತ್ತದೆ ಎಂದು ಅಜ್ಜಿಯನ್ನು ಕೇಳಲಿ. ಮಕ್ಕಳ ಸಂತೆ ಇದ್ದರೆ ನಿಂಬೆಹಣ್ಣು ಮಾರಿ ಚಿಲ್ಲರೆ ಎಣಿಸಲಿ, ಲೆಕ್ಕ ತಪ್ಪಲಿ. ನಾವು ಅಂದವಾಗಿ ಮಾಡಿಕೊಟ್ಟ ಮಾದರಿಗೆ ಬಹುಮಾನ ಬಂದರೆ ಅದು ನಮ್ಮದೇ.

ಶಾಲೆಯೊಡನೆ ಮಾತಾಡುವುದಕ್ಕೂ ದಾರಿಯಿದೆ. ಸರಕಾರಿ ಶಾಲೆಗಳ ಎಸ್‌ಡಿಎಂಸಿಯಲ್ಲಿ ಪೋಷಕರೇ ಹೆಚ್ಚಿನ ಸದಸ್ಯರು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಕಾಗುಣಿತ ತಪ್ಪಿದ್ದಕ್ಕೆ ಮನೆಮಾತನ್ನು ಹೀಯಾಳಿಸುವುದನ್ನು ಮಗು ಸಹಿಸಬೇಕಾಗಿಲ್ಲ. ಆದರೆ ಜಗಳದಿಂದ ಶುರು ಮಾಡಬೇಡಿ. ಹೆಚ್ಚಿನ ಶಿಕ್ಷಕರಿಗೆ ಉರ್ದು, ಬ್ಯಾರಿಗಳಲ್ಲಿ ಳ ಇಲ್ಲವೆಂಬುದೇ ತಿಳಿದಿರುವುದಿಲ್ಲ, ತಿಳಿಸಿದರೆ ಪಾಠದ ದಾರಿಯನ್ನೇ ಬದಲಿಸುವವರು ಇದ್ದಾರೆ. ಮದ್ರಸದ ಉಸ್ತಾದರಿಗೂ ಶಾಲೆಯ ಪರೀಕ್ಷೆಯ ದಿನಗಳನ್ನು ಮೊದಲೇ ತಿಳಿಸಿ, ಆ ವಾರ ಕಂಠಪಾಠದ ಹೊರೆ ಕಡಿಮೆ ಮಾಡಲು ಕೇಳಬಹುದು. ಮುಂದಿನ ಪೋಷಕರ ಸಭೆಗೆ ಹೋಗುವಾಗ ಮಗುವಿನ ಕಾಪಿ ಪುಸ್ತಕವನ್ನೂ ಉಕ್ತಲೇಖನದ ಪುಸ್ತಕವನ್ನೂ ಜೊತೆಗೆ ಒಯ್ಯಿರಿ. ಎರಡನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟು, ಕಾಪಿಯಲ್ಲಿ ಹತ್ತು ಸಲ ಸರಿಯಾಗಿ ಬರೆದ ಪದ ಉಕ್ತಲೇಖನದಲ್ಲಿ ಏನಾಗಿದೆ ಎಂದು ಟೀಚರ್ ಜೊತೆ ಕುಳಿತೇ ನೋಡಿ.