ಮೂವತ್ತು ವರ್ಷ ಹಾಡದೇ ಇದ್ದ ಹಾಡುಗಾರ್ತಿ

ವಾಷ್ತಿ ಬನ್ಯನ್ ಹೆಸರು ಕೇಳಿದ್ದೀರಾ? ಕೇಳಿರದಿದ್ದರೆ ತಪ್ಪೇನಿಲ್ಲ ಬಿಡಿ. 1970ರಲ್ಲಿ ಇಂಗ್ಲೆಂಡಿನಲ್ಲಿ ಅವರ ಮೊದಲ ಆಲ್ಬಂ ಬಂದಾಗ ಅಲ್ಲಿಯವರೇ ಕೇಳಲಿಲ್ಲ. ಕೆಲವೇ ನೂರು ಪ್ರತಿ ಮಾರಾಟವಾಗಿ ಅಂಗಡಿಗಳಿಂದ ಮಾಯವಾಯಿತು. ಅದರ ಬಹುಪಾಲು ಹಾಡುಗಳನ್ನು ತಾವೇ ಬರೆದು ಹಾಡಿದ್ದ ಇಪ್ಪತ್ತೈದರ ವಾಷ್ತಿ ಗಿಟಾರನ್ನು ಮೂಲೆಗಿಟ್ಟರು. ಅವರ ಎರಡನೆಯ ಆಲ್ಬಂ ಬಂದಾಗ ವಯಸ್ಸು ಅರವತ್ತಾಗಿತ್ತು.

ನನಗೆ ಇವರು ಸಿಕ್ಕಿದ್ದು ಆಕಸ್ಮಿಕ. ರಾತ್ರಿ ಓದುವಾಗ ಮೆತ್ತಗೆ ಏನಾದರೂ ಹಾಡು ಹಾಕಿಕೊಳ್ಳುವ ಅಭ್ಯಾಸ ನನ್ನದು. ಒಂದು ಮುಗಿದರೆ ಮೊಬೈಲ್ ತಾನೇ ಇನ್ನೊಂದನ್ನು ಹಾಕುತ್ತದಲ್ಲ, ಹಾಗೆ ಬಂದ ದನಿ. ಪಕ್ಕದಲ್ಲಿ ಮಲಗಿದವರಿಗೆ ಎಚ್ಚರವಾದೀತೆಂದು ಅಂಜಿ ಹಾಡಿದಷ್ಟು ಸಣ್ಣ. ಮರುದಿನ ಕರೆಂಟ್ ಅಫೇರ್ಸ್ ಪಕ್ಕಕ್ಕಿಟ್ಟು ಇವರ ಬಗ್ಗೆಯೇ ಓದಿದೆ.

1945ರಲ್ಲಿ ನ್ಯೂಕ್ಯಾಸಲ್‌ನಲ್ಲಿ ಹುಟ್ಟಿದ ವಾಷ್ತಿ ಬೆಳೆದದ್ದು ಲಂಡನ್‌ನಲ್ಲಿ. ಆಕ್ಸ್‌ಫರ್ಡ್‌ನ ರಸ್ಕಿನ್ ಕಲಾ ಶಾಲೆಗೆ ಸೇರಿದರು. ಚಿತ್ರ ಬರೆಯುವುದು ಬಿಟ್ಟು ಹಾಡು ಕಟ್ಟುತ್ತಾ ಕೂರುತ್ತಾರೆಂದು ಶಾಲೆ ಹೊರಗೆ ಕಳಿಸಿತು. ಹದಿನೆಂಟರಲ್ಲಿ ನ್ಯೂಯಾರ್ಕ್‌ಗೆ ಹೋಗಿದ್ದಾಗ ಬಾಬ್ ಡಿಲನ್ ರೆಕಾರ್ಡ್ ಕೇಳಿದ್ದೇ ಕೇಳಿದ್ದು, ತನ್ನ ದಾರಿಯೂ ಇದೇ ಅನ್ನಿಸಿಬಿಟ್ಟಿತು. ಮೊದಮೊದಲು ಅದೃಷ್ಟವೂ ಚೆನ್ನಾಗಿಯೇ ಇತ್ತು. ರೋಲಿಂಗ್ ಸ್ಟೋನ್ಸ್ ತಂಡದ ಮ್ಯಾನೇಜರ್ ಆ್ಯಂಡ್ರೂ ಲೂಗ್ ಓಲ್ಡ್‌ಹ್ಯಾಮ್ ಅವಕಾಶ ಕೊಟ್ಟರು. 1965ರಲ್ಲಿ ಮಿಕ್ ಜಾಗರ್ ಮತ್ತು ಕೀತ್ ರಿಚರ್ಡ್ಸ್ ಬರೆದ ಹಾಡನ್ನು ಇವರಿಂದ ಹಾಡಿಸಿದರು. ವಾಷ್ತಿಯ ಸ್ವಂತ ಹಾಡು ರೆಕಾರ್ಡಿನ ಹಿಂಬದಿಗೆ ಹೋಯಿತು. ಅದು ಓಡಲಿಲ್ಲ. ಮರುವರ್ಷ ಬಂದ ‘ಟ್ರೈನ್ ಸಾಂಗ್’ ಕೂಡ ಓಡಲಿಲ್ಲ. ಆಮೇಲೆ ಹಾಡಿದವುಗಳಲ್ಲಿ ಕೆಲವು ಆಗ ಬಿಡುಗಡೆಯನ್ನೇ ಕಾಣಲಿಲ್ಲ.

ಕೈಹಿಡಿದ ಕೆಲಸ ನಡೆಯದಿದ್ದರೆ ನಾವು ಊರಿನ ಬಸ್ಸು ಹತ್ತುತ್ತೇವೆ. ವಾಷ್ತಿ ಹತ್ತಿದ್ದು ಕುದುರೆ ಗಾಡಿ! 1968ರಲ್ಲಿ ಗೆಳೆಯ ರಾಬರ್ಟ್ ಲೂಯಿಸ್, ಒಂದು ನಾಯಿ ಮತ್ತು ಬೆಸ್ ಎಂಬ ಕುದುರೆಯ ಜೊತೆ ಲಂಡನ್ ಕಡೆಯಿಂದ ಹೊರಟರು. ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಬಳಿ ಗಾಯಕ ಡೊನೊವನ್ ಕಲಾವಿದರಿಗಾಗಿ ಜಾಗ ಕೊಂಡಿದ್ದಾರೆ, ಅಲ್ಲಿ ಹೋಗಿ ಬದುಕೋಣ ಎಂಬ ಆಸೆ. ಸುಮಾರು ಸಾವಿರ ಕಿಲೊಮೀಟರ್ ದೂರ. ಕಾರಿನಲ್ಲಾದರೆ ಒಂದೆರಡು ದಿನದ ದಾರಿ, ಕುದುರೆಯ ನಡಿಗೆಯಲ್ಲಿ ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಮಳೆ, ಚಳಿ, ಕೈಯಲ್ಲಿ ಕಾಸಿಲ್ಲ. ನಡೆಯುತ್ತಾ ನಡೆಯುತ್ತಾ ಹುಟ್ಟಿದ ಹಾಡುಗಳೇ ‘ಜಸ್ಟ್ ಅನದರ್ ಡೈಮಂಡ್ ಡೇ’ ಆಲ್ಬಂ ಆದವು. ನಿಕ್ ಡ್ರೇಕ್ ಅವರ ನಿರ್ಮಾಪಕ ಜೋ ಬಾಯ್ಡ್ ಅದನ್ನು 1969ರಲ್ಲಿ ರೆಕಾರ್ಡ್ ಮಾಡಿಸಿದರು. ಬಿಡುಗಡೆಯಾದದ್ದು ಮರುವರ್ಷದ ಡಿಸೆಂಬರಿನಲ್ಲಿ. ಇನ್ನು ಆ ಕನಸಿನ ಊರು? ಅಲ್ಲಿ ಇವರಿಗೆ ನೆಲೆ ಸಿಗಲಿಲ್ಲ.

ಒಂದು ತಮಾಷೆಯಿದೆ. ಎಲ್ಲರೂ ಇವರನ್ನು ಫೋಕ್ ಗಾಯಕಿ ಎನ್ನುತ್ತಾರೆ. ಅವರಿಗೆ ಮಾತ್ರ ಆ ಹಣೆಪಟ್ಟಿ ಎಂದೂ ಇಷ್ಟವಾಗಿಲ್ಲ. ಆಸೆಯಿದ್ದದ್ದು ಪಾಪ್ ಗಾಯಕಿಯಾಗಲು. ಆಲ್ಬಮ್ಮಿನಲ್ಲಿ ಪಿಟೀಲು, ಮ್ಯಾಂಡೊಲಿನ್ ನುಡಿಸಿದವರು ಆ ಕಾಲದ ಫೋಕ್ ತಂಡಗಳವರು. ಹಾಗಾಗಿ ಆ ಬಣ್ಣ ಅಂಟಿತು, ಮತ್ತೆ ಬಿಡಲಿಲ್ಲ.

ಆಮೇಲಿನದು ಮೂರು ಮಕ್ಕಳು, ಸ್ಕಾಟ್ಲೆಂಡ್, ಐರ್ಲೆಂಡ್, ಹಳ್ಳಿಯ ಬದುಕು. ಮಕ್ಕಳಿಗೂ ಹಾಡಿ ತೋರಿಸಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಅಷ್ಟು ನೊಂದಿದ್ದರು.

1997ರಲ್ಲಿ ಇಂಟರ್‌ನೆಟ್ ಹೊಸದು. ಸುಮ್ಮನೆ ತಮ್ಮ ಹೆಸರು ಹಾಕಿ ಹುಡುಕಿದರು. ನೋಡಿದರೆ, ಯಾರೂ ಕೇಳಲಿಲ್ಲವೆಂದುಕೊಂಡಿದ್ದ ರೆಕಾರ್ಡಿಗಾಗಿ ಜನ ತಡಕಾಡುತ್ತಿದ್ದಾರೆ! ಹಳೆಯ ಪ್ರತಿಗಳು ಸಂಗ್ರಾಹಕರ ಕೈಯಲ್ಲಿ ದುಬಾರಿ ಬೆಲೆಗೆ ಓಡಾಡುತ್ತಿದ್ದವು. 2000ದಲ್ಲಿ ಆಲ್ಬಂ ಮರುಬಿಡುಗಡೆಯಾಯಿತು. ಅಮೆರಿಕದ ಹೊಸ ಹುಡುಗರು, ಡೆವೆಂಡ್ರಾ ಬ್ಯಾನ್‌ಹಾರ್ಟ್‌ನಂಥವರು, ಇವರನ್ನು ಹುಡುಕಿಕೊಂಡು ಬಂದರು.

ಇದನ್ನು ಎರಡು ನಿಮಿಷದ ಮೋಟಿವೇಶನ್ ವಿಡಿಯೊ ಮಾಡುವುದು ಸುಲಭ. ‘ಕೈಬಿಡಬೇಡಿ, ಒಂದು ದಿನ ಗೆಲ್ಲುತ್ತೀರಿ’ ಎಂದು ಕೊನೆಗೆ ದಪ್ಪಕ್ಷರ. ಪರೀಕ್ಷೆ, ಫಲಿತಾಂಶ, ಮತ್ತೆ ಅರ್ಜಿ ಎಂದು ಸುತ್ತುತ್ತಿರುವ ನನ್ನಂಥವರಿಗೆ ಇಂಥವು ದಿನಕ್ಕೆ ಹತ್ತು ಬರುತ್ತವೆ. ಆದರೆ ವಾಷ್ತಿ ಕೈಬಿಟ್ಟಿದ್ದರು! ಛಲ ಹಿಡಿದು ಕಾದವರಲ್ಲ. ಆ ಮೂವತ್ತು ವರ್ಷವನ್ನು ಸೋಲಿನ ಲೆಕ್ಕಕ್ಕೆ ಬರೆಯುವವರ ಮೇಲೆ ನನಗೆ ಸಿಟ್ಟಿದೆ. ಮಕ್ಕಳನ್ನು ಬೆಳೆಸಿದ್ದು, ಮನೆ ಕಟ್ಟಿಕೊಂಡದ್ದು ಯಾವ ಲೆಕ್ಕಕ್ಕೆ? ‘ಇನ್ನೂ ಓದ್ತಾ ಇದ್ದೀಯಾ?’ ಎಂದು ನೆಂಟರು ಕೇಳುವಾಗಲೂ ಇದೇ ಸಿಟ್ಟು ಬರುತ್ತದೆ, ಕೆಲಸ ಸಿಗುವವರೆಗಿನ ದಿನಗಳು ಬದುಕೇ ಅಲ್ಲವೇನೋ ಎಂಬಂತೆ.

2005ರಲ್ಲಿ ಬಂದ ಎರಡನೆಯ ಆಲ್ಬಮ್ಮಿಗೆ ಅವರಿಟ್ಟ ಹೆಸರು ‘ಲುಕ್‌ಆಫ್ಟರಿಂಗ್’. ಮನೆಮಂದಿಯನ್ನು, ಸಾಕಿದ ಪ್ರಾಣಿಗಳನ್ನು ನೋಡಿಕೊಳ್ಳುತ್ತಾರಲ್ಲ, ಆ ಅರ್ಥ. ಮೂವತ್ತೈದು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳಿದವರಿಗೆ ಒಂದೇ ಪದದ ಉತ್ತರ ಕೊಟ್ಟಂತಿದೆ ಅನ್ನಿಸಿತು ನನಗೆ.

ಮೂರನೆಯದು ‘ಹಾರ್ಟ್‌ಲೀಪ್’, 2014ರಲ್ಲಿ. ಅವರಿಗೆ ಸಂಗೀತದ ಲಿಪಿ ಓದಲೂ ಬರೆಯಲೂ ಬಾರದು. ಪಿಯಾನೊ ಎರಡು ಕೈಯಲ್ಲಿ ನುಡಿಸಲೂ ಬಾರದು. ಮರುಬಿಡುಗಡೆಯ ದುಡ್ಡಿನಲ್ಲಿ ರೆಕಾರ್ಡಿಂಗ್ ಸಲಕರಣೆ ತಂದುಕೊಂಡಿದ್ದರು. ಒಂದೊಂದೇ ಕೈಯ ಭಾಗ ನುಡಿಸಿ ಕಂಪ್ಯೂಟರಿನಲ್ಲಿ ಜೋಡಿಸುತ್ತಾ ವರ್ಷಗಟ್ಟಲೆ ಕೂತು, ಬಹುಪಾಲು ಮನೆಯಲ್ಲೇ, ತಾವೇ ಆಲ್ಬಂ ಮುಗಿಸಿದರು. ಆಗ ವಯಸ್ಸು ಅರವತ್ತೊಂಬತ್ತು. ಇದೇ ಕೊನೆಯದು ಎಂದೂ ಹೇಳಿದರು. 2022ರಲ್ಲಿ ‘ವೇವರ್ಡ್’ ಎಂಬ ಆತ್ಮಕಥೆ ಬಂತು. ಕುದುರೆ ಗಾಡಿಯ ಪೂರ್ತಿ ಕಥೆ ಅದರಲ್ಲಿದೆ. ಈ ಎರಡೂ ಆಲ್ಬಮ್ಮಿನ ಮುಖಪುಟ ಚಿತ್ರ ಅವರ ಮಗಳು ವಿನ್ ಲೂಯಿಸ್ ಬರೆದದ್ದು.

ಕೇಳುವುದಾದರೆ ‘ಲುಕ್‌ಆಫ್ಟರಿಂಗ್’ನಿಂದ ಶುರುಮಾಡಿ. ಬಸ್ಸಿನಲ್ಲಿ ಮಾತ್ರ ಬೇಡ. ಎಂಜಿನ್ ಸದ್ದಿನಲ್ಲಿ ಆ ದನಿ ಮುಳುಗಿಹೋಗುತ್ತದೆ.